ಪೂರ್ವದ ಗೋಡೆ

ಟಿವಿ ಕೆಟ್ಟದ್ದು ಸೆಪ್ಟೆಂಬರಿನಲ್ಲಿ, ಮೆಣಸಿನಕಾಯಿ ಸುಲಿಯುವ ದಿನ. ದಪ್ಪ ಕೆಂಪು ಮೆಣಸಿನಕಾಯಿಗಳನ್ನು ಬೆಳಗ್ಗೆಯಿಂದ ಬಾಲ್ಕನಿಯಲ್ಲಿ ಸುಟ್ಟು, ಬಿಸಿಯಿರುವಾಗಲೇ ಪಾತ್ರೆಯಲ್ಲಿ ಮುಚ್ಚಿಟ್ಟು, ಸಂಜೆ ಮನೆಯವರು ನಾಲ್ವರೂ ಟಿವಿಯ ಎದುರು ಹಳೆಯ ಪತ್ರಿಕೆ ಹಾಸಿಕೊಂಡು ಸಿಪ್ಪೆ ಬಿಡಿಸುತ್ತ ಕೂತಿದ್ದರು. ಸುದ್ದಿ ಓದುವ ಹುಡುಗಿ ಹವಾಮಾನದ ಮಾತಿಗೆ ಬಂದಿದ್ದಳು. ಪರದೆಯ ನಡುವೆ ಒಂದು ಬಿಳಿ ಗೆರೆ ಎದ್ದಿತು, ಅದೂ ಅಳಿಸಿಹೋಯಿತು.

"ಪಾಪ, ಅವಳಿಗೇನಾಯ್ತೋ," ಎಂದಳು ಮುದುಕಿ ಸ್ತಾನಾ. ದಿನವೂ ಆ ಹುಡುಗಿ ಶುಭಸಂಜೆ ಹೇಳಿದಾಗ ಇವಳೂ ಸೋಫಾದಿಂದಲೇ ಶುಭಸಂಜೆ ಹೇಳುವ ರೂಢಿಯಿತ್ತು.

ಮಗ ವಿತೋಮಿರ್ ಎದ್ದು, ಮೆಣಸಿನಕಾಯಿ ರಸದ ಕೈಯಲ್ಲೇ ಟಿವಿಯ ಬೆನ್ನಿಗೆ ಎರಡೇಟು ಹಾಕಿದ. ಹಿಂದೆಲ್ಲ ಅದು ಆ ಏಟಿಗೆ ಬುದ್ಧಿ ಕಲಿಯುತ್ತಿತ್ತು. ಈ ಸಲ ಕಲಿಯಲಿಲ್ಲ. ರಿಪೇರಿಯವನು ಬಂದು ನೋಡಿ, ಇದರ ಭಾಗಗಳು ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಹೇಳಿ ಒಂದು ಲೋಟ ರಾಕಿಯಾ ಸಾರಾಯಿ ಕುಡಿದು ಹೋದ.

ಆ ಮನೆ ಚಾಚಕ್ ಊರಿನ ಹಳೆಯ ಬಡಾವಣೆಯ ಮೂರನೆಯ ಮಹಡಿಯಲ್ಲಿದೆ. ವಿತೋಮಿರ್ ಬೋಲ್ಟು ಮಾಡುವ ಕಾರ್ಖಾನೆಯಲ್ಲಿ ಪಾಳಿಯ ಮೇಲ್ವಿಚಾರಕ. ಮಗಳು ಕಲಿನಾ ಹಲ್ಲಿನ ಡಾಕ್ಟರೊಬ್ಬರ ಬಳಿ ರೋಗಿಗಳ ಸರದಿ ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಸ್ತಾನಾ ಹಗಲೆಲ್ಲ ಕೆಳಗಿನ ಮಹಡಿಯ ಗೆಳತಿಯ ಮನೆಯಲ್ಲಿ ಕಾಫಿ ಕುಡಿಯುತ್ತ, ಸತ್ತವರ ಸುದ್ದಿ ಮಾತಾಡುತ್ತ ಹೊತ್ತು ಕಳೆಯುತ್ತಾಳೆ. ವಿತೋಮಿರನ ಹೆಂಡತಿ ರದಿಂಕಾ ಮುಖ್ಯರಸ್ತೆಯ ಟೈಲರ್ ಅಂಗಡಿಯೊಂದರ ಬಟ್ಟೆಗಳನ್ನು ಮನೆಗೆ ತಂದು ಪ್ಯಾಂಟಿನ ಅಂಚು ಮಡಚುತ್ತಾಳೆ, ಜಿಪ್ ಬದಲಿಸುತ್ತಾಳೆ, ಕೋಟಿನ ಒಳಬಟ್ಟೆ ಹೊಲಿಯುತ್ತಾಳೆ. ಹಗಲು ಮಲಗುವ ಕೋಣೆಯಲ್ಲಿ ಮೆಷಿನ್ನು. ಸಂಜೆ ಕೈಹೊಲಿಗೆ, ಹಜಾರದಲ್ಲಿ, ದೀಪದ ಕೆಳಗಿನ ಕುರ್ಚಿಯಲ್ಲಿ.

ಆ ಕುರ್ಚಿ ಟಿವಿಗೆ ಅರ್ಧ ಬೆನ್ನು ಮಾಡಿತ್ತು. ಯಾವ ಧಾರಾವಾಹಿಯಲ್ಲಿ ಯಾರು ಯಾರನ್ನು ಬಿಟ್ಟುಹೋದರು ಎಂಬುದು ರದಿಂಕಾಳಿಗೆ ದನಿಯಿಂದಲೇ ತಿಳಿಯುತ್ತಿತ್ತು. ಅವಳು ಕೇಳುತ್ತಿದ್ದದ್ದು ಅದನ್ನೂ ಅಲ್ಲ. ಅದರ ಮೇಲೆ ಅತ್ತೆ ಹಾಕುವ ಶಾಪ, ಗಂಡನ ಗೊಣಗು, "ಅಮ್ಮ, ಇವಳ ಲಂಗ ನೋಡಿದ್ಯಾ, ಮುಂದೆ ಒಂದು ಉದ್ದ ಹಿಂದೆ ಒಂದು ಉದ್ದ," ಎನ್ನುವ ಮಗಳು. ಆಗ ಅವಳು ಕತ್ತು ತಿರುಗಿಸಿ ಒಮ್ಮೆ ನೋಡಿ, "ಫ್ಯಾಷನ್ನಲ್ಲ, ಹೊಲಿದವಳಿಗೆ ನಿದ್ದೆ ಬಂದಿದೆ," ಎಂದರೆ ಎಲ್ಲರೂ ನಗುತ್ತಿದ್ದರು. ಹಗಲಿಡೀ ಮೆಷಿನ್ನಿನ ಸದ್ದಿನೊಡನೆ ಒಬ್ಬಳೇ ಇರುವವಳಿಗೆ ಆ ಎರಡು ತಾಸೇ ಮನೆ.

ಹೊಸದು ಏನು ತರಬೇಕೆಂಬ ಜಗಳ ಮೆಣಸಿನಕಾಯಿ ಚಟ್ನಿ ಕುದಿಯುತ್ತಿರುವಾಗಲೇ ಶುರುವಾಯಿತು. ವಿತೋಮಿರ್ ಕಾರ್ಖಾನೆಯ ಗೆಳೆಯನ ಮನೆಯಲ್ಲಿ ಪ್ರೊಜೆಕ್ಟರಿನಲ್ಲಿ ಫುಟ್‌ಬಾಲ್ ನೋಡಿ ಬಂದಿದ್ದ. ಗೋಲ್‌ಕೀಪರ್ ಬಿದ್ದರೆ ನಮ್ಮ ಮಡಿಲಿಗೇ ಬಿದ್ದ ಹಾಗಿರುತ್ತದೆ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳಿದ. ಕಲಿನಾಳೂ ಅಪ್ಪನ ಪಕ್ಷ. ಟಿವಿ ಎಂದರೆ ಇಡೀ ದಿನ ಗೋಡೆಗೆ ಒರಗಿದ ಕಪ್ಪು ಹಲಗೆ, ಪ್ರೊಜೆಕ್ಟರ್ ಆದರೆ ಕೆಲಸ ಮುಗಿದ ಮೇಲೆ ಕಪಾಟಿಗೆ ಸೇರುತ್ತದೆ, ಅರ್ಧ ದುಡ್ಡು ತಾನೇ ಹಾಕುತ್ತೇನೆ ಎಂದಳು.

"ಮನೆಯೇನು ಸಿನಿಮಾ ಟಾಕೀಸಾ?" ಎಂದಳು ಸ್ತಾನಾ. "ಸುದ್ದಿ ಓದೋ ಹುಡುಗಿ ಬೀರುವಿನಷ್ಟು ದೊಡ್ಡದಾಗಿ ಬಂದು ನಿಂತ್ರೆ ನಾನು ನೈಟಿಯಲ್ಲಿ ಹೇಗೆ ಕೂತ್ಕೊಳ್ಳಲಿ?"

"ಅವಳಿಗೆ ನೀನು ಕಾಣಲ್ಲ ಅಜ್ಜಿ."

"ನಿನಗೇನು ಗೊತ್ತು? ನಲವತ್ತು ವರ್ಷದಿಂದ ಅವರ ಜೊತೆ ಮಾತಾಡ್ತಿರೋಳು ನಾನು."

ರದಿಂಕಾ ಒಲೆಯ ಮುಂದೆ ಉದ್ದನೆಯ ಸೌಟು ತಿರುಗಿಸುತ್ತಿದ್ದಳು. ಚಟ್ನಿ ತಳ ಹಿಡಿಯಬಾರದು, ಕೈ ಬಿಡುವಂತಿಲ್ಲ. ನಿನಗೇನು ಬೇಕು ಎಂದು ಅವಳನ್ನು ಯಾರೂ ಕೇಳಲಿಲ್ಲ. ಅವಳೇ ಬಾಯಿ ತೆರೆಯುವಷ್ಟರಲ್ಲಿ ವಿತೋಮಿರ್, "ರದಾಗೆ ಯಾವುದಾದ್ರೂ ಒಂದೇ. ಅವಳು ನೋಡಿದ್ದು ಯಾವಾಗ?" ಎಂದ. ಅದು ಸುಳ್ಳೇನಲ್ಲ. ಅವಳು ಸೌಟು ತಿರುಗಿಸಿದಳು.

ಪ್ರೊಜೆಕ್ಟರ್ ಬಂತು. ಅದಕ್ಕೊಂದು ಖಾಲಿ ಗೋಡೆ ಬೇಕಾಗಿತ್ತು. ಹಜಾರದ ಒಂದು ಕಡೆ ಕಿಟಕಿ ಮತ್ತು ಬಾಲ್ಕನಿ ಬಾಗಿಲು, ಇನ್ನೊಂದು ಕಡೆ ಗಾಜಿನ ಲೋಟಗಳ ಕಪಾಟು, ಮತ್ತೊಂದು ಕಡೆ ಒಳಬಾಗಿಲು. ಉಳಿದದ್ದು ಪೂರ್ವದ ಗೋಡೆ. ಅಲ್ಲಿ ಇದ್ದದ್ದು ಒಂದೇ ಒಂದು ವಸ್ತು, ಮನೆಯ ಸಂತನ ಪಟ. ನಮ್ಮಲ್ಲಿ ಪ್ರತಿ ಮನೆತನಕ್ಕೂ ಒಬ್ಬ ಸಂತನಿದ್ದಾನೆ. ತಂದೆಯಿಂದ ಮಗನಿಗೆ ಬರುತ್ತಾನೆ, ವರ್ಷಕ್ಕೊಮ್ಮೆ ಅವನ ಹಬ್ಬ, ಸ್ಲಾವಾ. ಇವರ ಮನೆಯವನು ದೇವದೂತ ಮಿಹೈಲ್. ಪಟ ಇರಬೇಕಾದದ್ದು ಪೂರ್ವದ ಗೋಡೆಯಲ್ಲೇ.

"ಅಡುಗೆಮನೆಗೂ ಪೂರ್ವ ಇದೆಯಲ್ಲ," ಎಂದ ವಿತೋಮಿರ್. ಅದೂ ಸುಳ್ಳೇನಲ್ಲ. ಫ್ರಿಜ್ಜಿಗೂ ಕಿಟಕಿಗೂ ನಡುವೆ ಒಂದು ಮೊಳ ಜಾಗವಿತ್ತು. ಡ್ರಿಲ್ಲು ತಂದು ತೂತು ಕೊರೆದು ಸಂತನನ್ನು ಅಲ್ಲಿಗೆ ಸಾಗಿಸಿದ. ಹಜಾರದ ಗೋಡೆಯಲ್ಲಿ ಚಾವಣಿಯಿಂದ ಬಿಳಿ ಪರದೆ ಇಳಿಯಿತು.

ಆ ದಿನ ಸ್ತಾನಾ ಊಟಕ್ಕೆ ಬರಲಿಲ್ಲ. ರದಿಂಕಾ ಸೂಪು ತೆಗೆದುಕೊಂಡು ಅವಳ ಕೋಣೆಗೆ ಹೋದರೆ, "ಸಂತನನ್ನೇ ಅಡುಗೆಮನೆಗೆ ತಳ್ಳಿದ್ರು. ನಾಳೆ ನನ್ನನ್ನ ಬಾಲ್ಕನಿಗೆ ಕಳಿಸ್ತಾರೆ ನೋಡ್ತಿರು," ಎಂದಳು. ಸೂಪನ್ನೇನೋ ಕುಡಿದಳು. ನಾಲ್ಕು ದಿನ ಬಿಟ್ಟು ಹಜಾರಕ್ಕೂ ಬಂದು ಸೋಫಾದ ತನ್ನ ಮೂಲೆಯಲ್ಲಿ ಕೂತಳು, ನೈಟಿಯ ಮೇಲೆ ಕೋಟು ತೊಟ್ಟುಕೊಂಡು.

ಪ್ರೊಜೆಕ್ಟರಿಗೆ ಕತ್ತಲೆ ಬೇಕು. ಇದು ಮಾತ್ರ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಮೊದಲ ಸಂಜೆ ರದಿಂಕಾ ಎಂದಿನಂತೆ ಕಪ್ಪು ಪ್ಯಾಂಟೊಂದನ್ನು ತೊಡೆಯ ಮೇಲೆ ಹರಡಿ ಕೂತಿದ್ದಳು.

"ಅಮ್ಮ, ಲೈಟು," ಎಂದಳು ಕಲಿನಾ.

ದೀಪ ಆರಿತು. ಗೋಡೆ ತುಂಬ ಹಸಿರು ಮೈದಾನ ಹೊತ್ತಿಕೊಂಡಿತು. ವಿತೋಮಿರ್ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಕಪ್ಪು ಬಟ್ಟೆಯಲ್ಲಿ ಕಪ್ಪು ದಾರದ ಹೊಲಿಗೆ ಕಾಣದೆ ರದಿಂಕಾ ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡಳು. ಮರುದಿನ ಮೇಜಿನ ಮೇಲಿಡುವ ಸಣ್ಣ ದೀಪವೊಂದನ್ನು ಕುರ್ಚಿಯ ಪಕ್ಕಕ್ಕೆ ತಂದಿಟ್ಟುಕೊಂಡಳು. ಅದರ ಬೆಳಕು ಹೋಗಿ ಸರಿಯಾಗಿ ಎಡಗಡೆಯ ಗೋಲಿನ ಮೇಲೆ ಬಿತ್ತು. ವಿತೋಮಿರ್ ಕತ್ತು ವಾರೆ ಮಾಡಿ ನೋಡಿದ. ಹತ್ತು ನಿಮಿಷ ಕತ್ತು ವಾರೆ ಮಾಡಿದ್ದನ್ನು ನೋಡಲಾರದೆ ಅವಳೇ ಬಟ್ಟೆ ಸುತ್ತಿಕೊಂಡು ಎದ್ದಳು. ಅವಳನ್ನು ಯಾರೂ ಕಳಿಸಲಿಲ್ಲ. ಎಲ್ಲಿಗೆ ಹೊರಟೆ ಎಂದು ಯಾರೂ ಕೇಳಲೂ ಇಲ್ಲ.

ಅಡುಗೆಮನೆಯ ಮೇಜು ಎತ್ತರ, ಕುರ್ಚಿ ಗಟ್ಟಿ. ಫ್ರಿಜ್ಜು ಆಗಾಗ ಗುಡುಗಿ ಸುಮ್ಮನಾಗುತ್ತಿತ್ತು. ಅವಳು ಬಾಗಿಲನ್ನು ಒಂದು ಗೇಣು ತೆರೆದಿಟ್ಟುಕೊಂಡು ಹೊಲಿದಳು. ಹಜಾರದ ಮಾತು ಆ ಸಂದಿಯಿಂದ ತುಂಡುತುಂಡಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಹೆಜ್ಜೆಯ ಸದ್ದಾಯಿತು. ಕಲಿನಾ ತಲೆ ಒಳಹಾಕಿದಳು.

"ತಪ್ಪು ತಿಳ್ಕೋಬೇಡಮ್ಮ. ಬೆಳಕು ಬಂದು ಗೋಡೆ ಮೇಲೆ ಬೀಳುತ್ತೆ."

"ಮುಚ್ಚು," ಎಂದಳು ರದಿಂಕಾ.

ಮಗಳು ಬಾಗಿಲನ್ನು ಬಹಳ ಮೆತ್ತಗೆ, ಮಲಗಿದ ಕೂಸಿನ ಕೋಣೆಯ ಬಾಗಿಲು ಮುಚ್ಚುವ ಹಾಗೆ ಮುಚ್ಚಿದಳು.

ಅಕ್ಟೋಬರ್ ಹಾಗೆ ಹೋಯಿತು. ಚಳಿ ಬರುತ್ತಲೇ ಕೋಟುಗಳ ಕೆಲಸ ಹೆಚ್ಚಿತು. ಬಟ್ಟೆ ಪಕ್ಕಕ್ಕಿಟ್ಟು ಬರಿಗೈಯಲ್ಲಿ ಕತ್ತಲೆಯಲ್ಲಿ ಹೋಗಿ ಕೂರೋಣವೆಂದರೆ ಬೆಳಗ್ಗೆ ಅಂಗಡಿಯವನ ಫೋನು. ಅವಳು ಒಬ್ಬಳೇ ಹೊಲಿದಳು, ಚಳಿಗಾಲಕ್ಕೆ ಹುಳಿಯಲು ಹಾಕಿದ ಎಲೆಕೋಸಿನ ಉಪ್ಪುನೀರು ನೋಡಿದಳು, ಹುರುಳಿಕಾಯಿ ಬೀಜ ಆರಿಸಿದಳು. ಕೆಲಸದಿಂದ ಬಂದ ಮೇಲಿನ ನಾಲ್ಕು ಗಂಟೆಯ ಊಟದಲ್ಲಿ ಮಾತ್ರ ನಾಲ್ವರೂ ಸೇರುವುದು. ಆಗಲೂ ನಿನ್ನೆ ನೋಡಿದ ಸಿನಿಮಾದ ಮಾತು. ಅವನು ಅವಳ ಅಣ್ಣ ಅಂತ ಗೊತ್ತೇ ಆಗಲಿಲ್ಲ ಎಂದು ಒಬ್ಬರು, ನನಗೆ ಮೊದಲೇ ಗೊತ್ತಿತ್ತು ಎಂದು ಇನ್ನೊಬ್ಬರು. ರದಿಂಕಾ ಬ್ರೆಡ್ಡು ಕೊಯ್ದು ಬಡಿಸುತ್ತ, ಯಾರ ಅಣ್ಣ ಎಂದು ಕೇಳಿದಳು. ಅದು ಉದ್ದ ಕತೆ ಎಂದರು.

ಒಂದು ದಿನ ಉಳಿದವರು ಎದ್ದು ಹೋದ ಮೇಲೆ ಗಂಡನನ್ನು ನಿಲ್ಲಿಸಿ ಕೇಳಿದಳು. "ಸಂಜೆ ಹೊತ್ತು ನಾನು ಎಲ್ಲಿ ಕೂತ್ಕೊಳ್ಳಲಿ?"

ವಿತೋಮಿರನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಯಾಕೆ, ಇಲ್ಲಿ ಬೆಚ್ಚಗಿದೆಯಲ್ಲ."

"ಬೆಚ್ಚಗೇನೋ ಇದೆ."

ಅವನು ಯೋಚಿಸಿದ. ಅವನು ಕೆಟ್ಟವನಲ್ಲ. ಮರುದಿನ ಬರುವಾಗ ಮುಖ ಅರಳಿತ್ತು. ಕಾರ್ಖಾನೆಯಲ್ಲೊಬ್ಬ ಸಣ್ಣ ಟಿವಿ ಮಾರುತ್ತಿದ್ದಾನೆ, ಫ್ರಿಜ್ಜಿನ ಮೇಲೆ ಸರಿಯಾಗಿ ಕೂರುತ್ತದೆ, ಸಂತನಿಗೂ ಕಾಲಕ್ಷೇಪ, ನಿನಗೂ ಕಾಲಕ್ಷೇಪ ಎಂದ.

"ನನಗೆ ಟಿವಿ ಬೇಡ."

"ಮತ್ತೆ ಪ್ರೊಜೆಕ್ಟರ್ ಹಿಂದಕ್ಕೆ ಕೊಡು ಅಂತೀಯಾ?"

"ಅದನ್ನೂ ಅನ್ನಲ್ಲ."

"ಟಿವಿ ಬೇಡ, ಪ್ರೊಜೆಕ್ಟರ್ ಇದ್ರೂ ಪರವಾಗಿಲ್ಲ. ಹಾಗಾದ್ರೆ ತೊಂದರೆ ಏನು ಬಂತು ರದಾ?"

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ನೀವು ನೋಡುವಾಗ ನಾನು ಅಲ್ಲಿರಬೇಕು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಐವತ್ತನಾಲ್ಕರ ಹೆಂಗಸು ಆಡುವ ಮಾತಲ್ಲ ಅದು ಎನಿಸಿ ನಲ್ಲಿ ತಿರುಗಿಸಿದಳು.

ನವೆಂಬರಿನಲ್ಲಿ ಮಿಹೈಲನ ಹಬ್ಬ. ಅದಕ್ಕೆ ಮೊದಲು ಪಾದ್ರಿ ಮನೆಗೆ ಬಂದು ನೀರನ್ನು ಪವಿತ್ರ ಮಾಡಿ ಹೋಗಬೇಕು, ಹಬ್ಬದ ರೊಟ್ಟಿಯ ಹಿಟ್ಟು ಕಲಸುವುದು ಆ ನೀರಿನಲ್ಲಿ. ಪಾದ್ರಿ ಗವ್ರಿಲೊ ಅವರಿಗೆ ವಯಸ್ಸಾಗಿದೆ, ಕಣ್ಣು ಮಂಜು. ವಿತೋಮಿರನ ಮದುವೆಗೂ ಮೊದಲಿಂದ ಆ ಮನೆಗೆ ಬರುತ್ತಿರುವವರು. ಬೂಟು ಬಿಚ್ಚಿ, ಯಾರನ್ನೂ ದಾರಿ ಕೇಳದೆ ನೇರ ಹಜಾರಕ್ಕೆ ನಡೆದು, ಪೂರ್ವದ ಗೋಡೆಯ ಮುಂದೆ ನಿಂತು, ಬಿಳಿ ಪರದೆಗೆ ಮೂರು ಸಲ ಶಿಲುಬೆಯ ಗುರುತು ಮಾಡಿ, ತಲೆ ಬಾಗಿಸಿ, ಪ್ರಾರ್ಥನೆ ಎತ್ತಿಕೊಂಡೇಬಿಟ್ಟರು.

ಕಲಿನಾ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಸ್ತಾನಾ ನೆಲ ನೋಡಿದಳು. ವಿತೋಮಿರ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಎರಡು ಸಾಲು ಮುಗಿಯುವ ತನಕ ಕಾದು, "ಫಾದರ್, ಅಲ್ಲಲ್ಲ. ಅವನು ಈಗ ಅಡುಗೆಮನೆಯಲ್ಲಿದ್ದಾನೆ," ಎಂದ.

ಪಾದ್ರಿ ಕೈ ಮುಂದೆ ಚಾಚಿ ಪರದೆಯನ್ನು ಮುಟ್ಟಿ ನೋಡಿದರು. ಅದು ಅಲುಗಾಡಿತು.

"ಅಲ್ಲಿ ಅವನಿಗೆ ಬೆಚ್ಚಗಿದೆಯೋ?" ಎಂದು ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ಯಾರಿಗೂ ತಿಳಿಯಲಿಲ್ಲ. ರದಿಂಕಾ ಮಾತ್ರ, "ಬೆಚ್ಚಗಿದೆ ಫಾದರ್," ಎಂದು ಉತ್ತರ ಕೊಟ್ಟು, ಮೇಜಿನ ಮೇಲಿನ ಕೋಟುಗಳನ್ನು ಎತ್ತಿ ಜಾಗ ಮಾಡಲು ಮುಂದೆ ಓಡಿದಳು.

ಪಾದ್ರಿ ಹೋದ ಮೇಲೆ ವಿತೋಮಿರನಿಗೆ ನಾಚಿಕೆ ಹಿಡಿಯಿತು. ಹಬ್ಬದ ಮಟ್ಟಿಗೆ ಪಟವನ್ನು ಹಜಾರಕ್ಕೆ ತರೋಣ, ಮೇಣದಬತ್ತಿ ಅಲ್ಲೇ ಹಚ್ಚೋಣ, ಮುಗಿದ ಮೇಲೆ ಮತ್ತೆ ಇಲ್ಲಿಗೆ ಎಂದ.

"ಸಂತನೇನು ಮಡಚೋ ಕುರ್ಚಿಯಾ, ನೆಂಟರು ಬಂದಾಗ ಬಿಚ್ಚಿ ಹಾಕೋಕೆ?" ಸ್ತಾನಾ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಇಲ್ಲಿಗೆ ತಂದೋನು ನೀನು. ನೆಂಟರೂ ಇಲ್ಲಿಗೇ ಬರಲಿ."

ಹಾಗಾಗಿ ಆ ವರ್ಷದ ಸ್ಲಾವಾ ಅಡುಗೆಮನೆಯಲ್ಲಿ ನಡೆಯಿತು. ಹಜಾರದ ಉದ್ದ ಮೇಜನ್ನು ವಾರೆ ಮಾಡಿ ಎಳೆದು ತಂದರು, ಅರ್ಧ ಒಳಗೆ, ಅರ್ಧ ಕಾರಿಡಾರಿನಲ್ಲಿ. ಬೇರೆ ಸಂತರ ಹಬ್ಬಕ್ಕೆ ಮಾಡುವ ಬೇಯಿಸಿದ ಗೋಧಿ ಮಾಡಲಿಲ್ಲ. ಮಿಹೈಲ್ ಸತ್ತವನಲ್ಲ, ಬದುಕಿರುವವನಿಗೆ ಯಾರಾದರೂ ಗೋಧಿ ಬೇಯಿಸುತ್ತಾರೆಯೇ ಎಂದು ಸ್ತಾನಾ ವರ್ಷವೂ ಆಡುವ ಮಾತನ್ನು ಈ ವರ್ಷವೂ ಆಡಿದಳು. ಬೆಳಗ್ಗೆ ಚರ್ಚಿನಲ್ಲಿ ಕೊಯ್ದ ರೊಟ್ಟಿ ಬಂತು. ಎಲೆಕೋಸಿನ ಎಲೆಯಲ್ಲಿ ಮಾಂಸ, ಅಕ್ಕಿ ಸುತ್ತಿದ ಸಾರ್ಮಾ ದೊಡ್ಡ ಮಡಕೆಯಲ್ಲಿ ಎರಡು ದಿನದಿಂದ ಕುದಿಯುತ್ತಿತ್ತು. ಕಾರ್ಖಾನೆಯವರು, ವಿತೋಮಿರನ ಅಕ್ಕನ ಮನೆಯವರು, ಕೆಳಮಹಡಿಯ ಗೆಳತಿ, ಎಲ್ಲರೂ ಮೊಣಕೈಗೆ ಮೊಣಕೈ ತಾಗಿಸಿ ಕೂತರು. ಉಪ್ಪು ಬೇಕಾದವರು ಕೂತಲ್ಲಿಂದಲೇ ಕಪಾಟಿಗೆ ಕೈ ಹಾಕಿದರು. ಕಾರ್ಖಾನೆಯವನೊಬ್ಬ ಫ್ರಿಜ್ಜಿಗೆ ಒರಗಿಕೊಂಡೇ ಉಂಡ. ಫ್ರಿಜ್ಜು ಗುಡುಗಿದಾಗಲೆಲ್ಲ, ಹೊಟ್ಟೆ ನನ್ನದಲ್ಲ ಎಂದು ಹೇಳಿ ನಗಿಸಿದ. ಕಿಟಕಿಯ ಗಾಜು ಬೆವರಿತು. ಮನೆಯ ಯಜಮಾನ ಆ ದಿನ ಕೂರುವಂತಿಲ್ಲ, ವಿತೋಮಿರ್ ಮೇಣದಬತ್ತಿಯ ಪಕ್ಕ ನಿಂತು ವೈನು ಸುರಿದ. ಒಲೆಯ ಮುಂದಿದ್ದ ರದಿಂಕಾಳ ಸುತ್ತ ಜನವೇ ಜನ. ಯಾರೋ ಅವಳ ಸೊಂಟ ಬಳಸಿ ಸರಿದುಹೋದರು, ಯಾರೋ ಅವಳ ಬಾಯಿಗೆ ಒಂದು ತುಂಡು ಚೀಸ್ ಹಾಕಿದರು.

"ರದಾ, ಮುಂದಿನ ವರ್ಷಾನೂ ಇಲ್ಲೇ ಮಾಡು," ಎಂದಳು ವಿತೋಮಿರನ ಅಕ್ಕ. "ಆ ಹಜಾರದಲ್ಲಿ ಎಲ್ಲರೂ ಹಲ್ಲಿನ ಡಾಕ್ಟರ ಹತ್ರ ಕಾಯೋರ ಹಾಗೆ ಕೂತಿರ್ತಿದ್ವಿ."

ರದಿಂಕಾಳ ಕೆನ್ನೆ ಒಲೆಯ ಕಾವಿಗೋ ಏನೋ ಕೆಂಪಾಗಿತ್ತು. ಬಹಳ ದಿನಗಳ ಮೇಲೆ ಅವಳು ನಡುನಡುವೆ ಮಾತಾಡಿದಳು, ಎರಡು ಸಲ ಎಲ್ಲರನ್ನೂ ನಗಿಸಿದಳು.

ಕತ್ತಲಾಗುವ ಹೊತ್ತಿಗೆ ನೆಂಟರು ಕೋಟು ಹುಡುಕಿಕೊಂಡು ಎದ್ದರು. ವಿತೋಮಿರ್ ರೂಢಿಯಂತೆ ವೈನಿನ ಹನಿಯಿಂದ ಮೇಣದಬತ್ತಿ ಆರಿಸಿದ. ಮೇಜು ಮತ್ತೆ ವಾರೆಯಾಗಿ ಹಜಾರಕ್ಕೆ ಹೋಯಿತು. ಅದರ ಹಿಂದೆ ಮನೆಯವರು ಮೂವರೂ ಹೋದರು. ಬಾಗಿಲು ಮುಚ್ಚಿತು.

ಅವಳು ತಟ್ಟೆ ತೊಳೆದಳು, ಲೋಟ ಒರೆಸಿದಳು, ಒಲೆ ಉಜ್ಜಿದಳು. ಇಷ್ಟು ಜನ ಇದ್ದು ಹೋದ ಮೇಲೆ ಅಡುಗೆಮನೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಅಭ್ಯಾಸದ ಮೇಲೆ ಕೈ ಮೂಲೆಯ ಕೋಟುಗಳ ಕಡೆ ಹೋಯಿತು. ಹಬ್ಬದ ದಿನ ಸೂಜಿ ಹಿಡಿಯುವಂತಿಲ್ಲ ಎಂದು ಆಗ ನೆನಪಾಯಿತು. ಹೊಲಿಯುವಂತಿಲ್ಲ, ತೊಳೆಯುವುದೂ ಮುಗಿದಿದೆ. ಕೈಗೆ ಕೆಲಸವಿಲ್ಲ ಎಂದರೆ ಬೆಳಕೂ ಬೇಕಾಗಿಲ್ಲ.

ಹಜಾರದಿಂದ ನಗು ಕೇಳಿಸಿತು. ದೊಡ್ಡ ನಗು, ಇಡೀ ಮನೆ ಕೂಡಿ ನಕ್ಕ ಹಾಗೆ. ಮತ್ತೊಮ್ಮೆ ಕೇಳಿಸಿತು. ಆ ಫ್ರಿಜ್ಜಿನ ಗೆಳೆಯನ ಮಾತನ್ನು ಮತ್ತೆ ಆಡಿಕೊಳ್ಳುತ್ತಿರಬೇಕು ಎಂದುಕೊಂಡಳು. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. ಉಳಿದ ವಾಲ್‌ನಟ್ ಕೇಕನ್ನು ನಾಲ್ಕು ತುಂಡು ಮಾಡಿ ತಟ್ಟೆಯಲ್ಲಿಟ್ಟುಕೊಂಡು, ಮೊಣಕೈಯಿಂದ ಬಾಗಿಲು ತಳ್ಳಿ ಕತ್ತಲೆಯೊಳಗೆ ಹೋದಳು.

ನಗುತ್ತಿದ್ದವರು ಗೋಡೆಯ ಮೇಲಿದ್ದರು. ಯಾವುದೋ ದೊಡ್ಡ ಸಭಾಂಗಣ, ಸಾಲುಸಾಲು ಅಪರಿಚಿತರು, ಬಾಯಿ ತೆರೆದು ಬೀಳುತ್ತ ಏಳುತ್ತ ನಗುತ್ತಿದ್ದರು. ಅವರ ಬೆಳಕಿನಲ್ಲಿ ಅವಳಿಗೆ ಮನೆಯವರು ಕಂಡರು. ವಿತೋಮಿರ್ ಆರಾಮ ಕುರ್ಚಿಯಲ್ಲಿ ಗದ್ದ ಎದೆಗೆ ತಾಗಿಸಿ ನಿದ್ದೆ ಹೋಗಿದ್ದ. ಕಲಿನಾ ಸೋಫಾದ ಒಂದು ತುದಿಯಲ್ಲಿ ಕಾಲು ಮಡಚಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ಬೇರೇನನ್ನೋ ನೋಡುತ್ತಿದ್ದಳು. ಇನ್ನೊಂದು ತುದಿಯಲ್ಲಿ ಸ್ತಾನಾ ಕೋಟು ತೊಟ್ಟು, ಕೈಗಳನ್ನು ಮಡಿಲಲ್ಲಿಟ್ಟು, ರೈಲಿಗೆ ಕಾಯುವವಳ ಹಾಗೆ ನೆಟ್ಟಗೆ ಕೂತಿದ್ದಳು.

"ಯಾರು ಬಂದದ್ದು?" ಎಂದಳು ಮುದುಕಿ.

"ನಾನು ಅತ್ತೆ. ನೋಡ್ತಿದ್ದೀರಾ?"

"ಏನನ್ನ? ನನ್ನ ಕಣ್ಣಿಗೆ ಬರೀ ಹೊಳಪು." ಸ್ತಾನಾ ದನಿ ತಗ್ಗಿಸಿದಳು. "ಇವರು ಇರ್ತಾರಲ್ಲ ಅಂತ ಬಂದು ಕೂತ್ಕೋತೀನಿ."

"ದಿನಾ ಹೀಗೇನಾ?"

"ಮೊದಮೊದಲು ನೋಡ್ತಿದ್ರು."

ರದಿಂಕಾ ತಟ್ಟೆಯನ್ನು ಒಂದು ಕೈಗೆ ಬದಲಿಸಿಕೊಂಡಳು. ಗೋಡೆಯ ಮೇಲಿನವರು ಮತ್ತೆ ನಕ್ಕರು. ಅವಳು ಹಿಂದಕ್ಕೆ ಕೈ ಚಾಚಿ ದೀಪದ ಸ್ವಿಚ್ಚು ಒತ್ತಿದಳು.

ಪರದೆಯ ಮೇಲಿನ ಜನ ಒಂದೇ ಕ್ಷಣದಲ್ಲಿ ತೊಳೆದುಹೋದರು. ಬಿಳಿ ಬಟ್ಟೆಯ ಮೇಲೆ ಬೂದಿಬಣ್ಣದ ನೆರಳೊಂದು ಅಲ್ಲಾಡುತ್ತಿತ್ತು, ನಗು ಮಾತ್ರ ಹಾಗೇ ಬರುತ್ತಿತ್ತು. ಮಗಳು ಕಣ್ಣು ಕಿರಿದು ಮಾಡಿ ಮೊಬೈಲನ್ನು ತುಸು ಹತ್ತಿರಕ್ಕೆ ತಂದುಕೊಂಡಳು. ಗಂಡ ಮುಖವನ್ನು ಇನ್ನೊಂದು ಕಡೆಗೆ ಹೊರಳಿಸಿ ನಿದ್ದೆ ಮುಂದುವರಿಸಿದ.

ಅವಳು ಕೇಕಿನ ತಟ್ಟೆಯನ್ನು ಮೇಜಿನ ಮೇಲಿಟ್ಟು, ಅರ್ಧ ಬೆನ್ನು ತಿರುಗಿಸಿದ ತನ್ನ ಕುರ್ಚಿಯಲ್ಲಿ ಕೂತಳು.

"ಹೊಲಿಗೆ ತರಲಿಲ್ವಾ?" ಎಂದು ಕೇಳಿದಳು ಸ್ತಾನಾ.

"ಇವತ್ತು ಹಬ್ಬ ಅತ್ತೆ."

"ಹೌದಲ್ಲ."

ಬರಿಗೈಗಳನ್ನು ಎಲ್ಲಿಡಬೇಕೆಂದು ರದಿಂಕಾಳಿಗೆ ತಿಳಿಯಲಿಲ್ಲ. ಮಡಿಲಲ್ಲಿಟ್ಟುಕೊಂಡಳು. ಅಮ್ಮ, ಲೈಟು ಎಂದು ಯಾರಾದರೂ ಗದರಿಸಲಿ ಎಂದು ಕಿವಿ ತೆರೆದು ಕಾದಳು. ಬಹಳ ಹೊತ್ತು ಕಾದಳು. ಆ ಕೋಣೆಯಲ್ಲಿ ಯಾರೂ ಏನೂ ಅನ್ನಲಿಲ್ಲ.